ಕೊನೆಗೆ ಉಣ್ಣುವವಳು

ನಾವು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಒಬ್ಬಳನ್ನು, ಕಾಯಿಲೆ ಇದ್ದದ್ದು ಇನ್ನೊಬ್ಬಳಿಗೆ. ನಡೆದದ್ದು ಇಷ್ಟೇ. ಸಣ್ಣಗಿದ್ದವಳಿಗೆ ಟಾನಿಕ್ಕು ಕುಡಿಸಿದೆವು, ತಾಯತ ಕಟ್ಟಿಸಿದೆವು. ಕಣ್ಣೆದುರಿಗೇ ಕರಗುತ್ತಿದ್ದವಳನ್ನು ಈಗ ಲಕ್ಷಣವಾಗಿ ಕಾಣುತ್ತೀಯ ಎಂದು ಹೊಗಳಿದೆವು. ದೃಷ್ಟಿಯಾಯಿತು, ಕಾಲೇಜು ಕೆಡಿಸಿತು, ಫೋನು ಕೆಡಿಸಿತು ಎಂದು ನೆಂಟರು ಏನು ಬೇಕಾದರೂ ಹೇಳಿಕೊಳ್ಳಲಿ. ಒಂದೇ ಒಲೆಯ ಅಡುಗೆ ಉಣ್ಣುವ ನನ್ನ ಇಬ್ಬರು ಹೆಣ್ಣು ಮೊಮ್ಮಕ್ಕಳಲ್ಲಿ ಯಾರು ಹುಟ್ಟಿನಿಂದ ಸಣ್ಣ, ಯಾರು ಸಣ್ಣಗಾಗುತ್ತಿದ್ದಾಳೆ ಎಂಬುದು ಮನೆಯ ದೊಡ್ಡವರು ಯಾರಿಗೂ ತಿಳಿಯಲಿಲ್ಲ.

ಮೊನ್ನೆ ಚಿಂತಾಮಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲೇ ಒಬ್ಬ ಅವರೆಕಾಯಿಯ ಮೂಟೆ ಬಿಚ್ಚಿ ಗೋಣಿಯ ಮೇಲೆ ಸುರಿದ. ಈ ವರ್ಷದ ಮೊದಲ ಕಾಯಿ. ಮಂಜು ಕುಡಿದ ಕಾಯಿಯ ಸೊಗಡು ಮೂಗಿಗೆ ಹೊಡೆಯಿತು. ಸುತ್ತ ನಿಂತಿದ್ದ ಹೆಂಗಸರು ಕಾಯಿ ಹಿಸುಕಿ, ಮೂಸಿ, ಚೌಕಾಸಿಗೆ ನಿಂತರು. ನಮ್ಮ ಸೀಮೆಯಲ್ಲಿ ಆ ವಾಸನೆಗೆ ಬಾಯಲ್ಲಿ ನೀರೂರದವರಿಲ್ಲ. ನಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಎದ್ದು ಆ ಕಡೆಯ ಬೆಂಚಿಗೆ ಹೋಗಿ ಕೂತೆ. ಎರಡು ವರ್ಷದ ಹಿಂದಿನ ಅವರೆ ಕಾಲ ಅಲ್ಲಿಗೂ ಹಿಂದೆ ಬಂತು.

ನಮ್ಮೂರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ. ಒಂದಷ್ಟು ಹಿಪ್ಪುನೇರಳೆ, ಒಂದಷ್ಟು ರಾಗಿ, ರಾಗಿಯ ನಡುವೆ ಅವರೆ ಸಾಲು, ಒಂದು ಎಮ್ಮೆ. ಮನೆಗೆ ಹೊಂದಿಕೊಂಡು ಹುಳದ ಮನೆ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಮನುಷ್ಯರ ಊಟ ಯಾವಾಗಲೂ ಹುಳದ ಊಟದ ಆಮೇಲೆ. ಮಗ ನಾರಾಯಣಸ್ವಾಮಿ ಸೊಪ್ಪು ಕೊಯ್ದು ತರುತ್ತಾನೆ, ಸೊಸೆ ಮಂಜುಳ ಮತ್ತು ನಾನು ಹಾಕುತ್ತೇವೆ, ಹುಡುಗಿಯರು ಸ್ಕೂಲು ಕಾಲೇಜಿನ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಕೈ ಜೋಡಿಸುತ್ತಾರೆ.

ಮೊಮ್ಮಕ್ಕಳಲ್ಲಿ ಕಿರಿಯವಳು ಸಿಂಧು. ಆಗ ಹೈಸ್ಕೂಲು. ಹುಟ್ಟುವಾಗಲೇ ಸೌದೆ ಚಕ್ಕೆಯಷ್ಟಿದ್ದಳು. ನನ್ನ ಮೈ ಅವಳಿಗೆ ಬಂದಿದೆ. ನಾನು ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗ ನಮ್ಮತ್ತೆ, ‘ಸೊಸೆ ಬಂದಳೋ, ಸೀರೆ ಒಂದೇ ನಡ್ಕೊಂಡು ಬಂತೋ’ ಎಂದಿದ್ದರಂತೆ. ಅಷ್ಟು ಸಣ್ಣ. ಆದರೂ ನೀರು ಹೊತ್ತೆ, ರಾಗಿ ಬೀಸಿದೆ, ಮಕ್ಕಳನ್ನು ಹೆತ್ತೆ, ಇವತ್ತಿಗೂ ಸೊಪ್ಪಿನ ಹೊರೆ ಎತ್ತುತ್ತೇನೆ. ಸಿಂಧುವೂ ಹಾಗೆ. ಎರಡು ಮುದ್ದೆ ನುಂಗಿ, ಅನ್ನಕ್ಕೆ ತಟ್ಟೆ ಚಾಚಿ, ಕೈ ತೊಳೆದ ಸ್ವಲ್ಪ ಹೊತ್ತಿಗೆ ಡಬ್ಬಿಗಳ ಮುಚ್ಚಳ ತೆಗೆಯುತ್ತಿರುತ್ತಾಳೆ. ತಿಂದದ್ದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು.

ಹಿರಿಯವಳು ಚೈತ್ರ. ಅವಳದು ಅಮ್ಮನ ಕಡೆಯ ಮೈ. ದುಂಡಗೆ, ಕೆನ್ನೆ ತುಂಬಿಕೊಂಡು, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿತ್ತು. ಮನೆಯಲ್ಲಿ ಅವಳನ್ನು ಗುಂಡಮ್ಮ ಎಂದೇ ಕರೆಯುತ್ತಿದ್ದದ್ದು. ನಾನೂ ಕರೆದಿದ್ದೇನೆ. ಆ ವರ್ಷ ಮಳೆಗಾಲಕ್ಕೆ ಚಿಂತಾಮಣಿಯ ಕಾಲೇಜಿಗೆ ಡಿಗ್ರಿಗೆ ಸೇರಿದ್ದಳು. ಯಾರು ಏನು ಅಂದರು, ಯಾವ ಮಾತು ನಾಟಿತು ಎಂದು ಆಮೇಲೆ ಡಾಕ್ಟರು ಕೇಳಿದರು. ಒಬ್ಬರು ಒಂದು ಸಲ ಅಂದಿದ್ದರೆ ಬೆರಳು ತೋರಿಸಿ ಹೇಳಬಹುದಿತ್ತು. ಹುಟ್ಟಿದಾಗಿನಿಂದ ಎಲ್ಲರೂ ಅಂದದ್ದೇ.

ದಸರೆ ಕಳೆದ ಮೇಲೆ ಸಿಂಧುವಿನ ಸ್ಕೂಲಿನಲ್ಲಿ ಯಾರೋ ಟೀಚರು ಮಂಜುಳಳನ್ನು, ‘ಮಗೂಗೆ ಊಟ ಹಾಕ್ತೀರೇನಮ್ಮ?’ ಎಂದು ಕೇಳಿಬಿಟ್ಟರು. ಅವಳಿಗೆ ಅವಮಾನವಾಯಿತು. ಒಂದು ಶನಿವಾರ ಸಿಂಧುವನ್ನು ಚಿಂತಾಮಣಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಚೀಟಿ ಮಾಡಿಸುವುದಕ್ಕೆ ಓದಿದವಳಿರಲಿ ಎಂದು ಚೈತ್ರಳನ್ನೂ ಕರೆದೆವು.

ಡಾಕ್ಟರಮ್ಮ ಸಿಂಧುವಿನ ಕಣ್ಣು, ನಾಲಿಗೆ, ಉಗುರು ನೋಡಿದರು.

‘ಹಸಿವಾಗುತ್ತಾ?’

‘ಈಗ್ಲೇ ಆಗ್ತೈತೆ’ ಎಂದಳು ಸಿಂಧು.

‘ತಲೆ ಸುತ್ತುತ್ತಾ? ಆಟ ಆಡ್ತೀಯಾ?’

‘ಖೋಖೋ ಟೀಮಲ್ಲಿದೀನಿ.’

‘ತಿಂಗಳು ತಿಂಗಳು ಸರಿಯಾಗಿ ಆಗ್ತೀಯಾ?’

ಸಿಂಧು ನಾಚಿಕೊಂಡು ತಲೆ ಆಡಿಸಿದಳು.

‘ಮನೇಲಿ ಬೇರೆ ಯಾರಾದ್ರೂ ಹಿಂಗೆ ಸಣ್ಣಗಿದಾರಾ?’

ಅವಳು ನನ್ನ ಕಡೆ ಕೈ ತೋರಿಸಿದಳು. ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ‘ಅಜ್ಜಿ ಆಸ್ತಿ ಇದು. ಇವಳಿಗೇನೂ ಆಗಿಲ್ಲಮ್ಮ, ಮೈಕಟ್ಟೇ ಅಷ್ಟು. ವಯಸ್ಸಿಗೆ ತಕ್ಕಂಗೆ ಬೆಳೀತಿದಾಳೆ. ಸುಮ್ನೆ ಬಿಟ್ಬಿಡಿ’ ಎಂದರು.

ಕೇಳಬೇಕಾದ ಮಾತುಗಳನ್ನೆಲ್ಲ ಅವತ್ತು ಆ ಕೋಣೆಯಲ್ಲಿ ಕೇಳಿ ಆಯಿತು. ಪಕ್ಕದ ಸ್ಟೂಲಿನ ಮೇಲೆ ಚೈತ್ರ ಚೀಲ ತಬ್ಬಿಕೊಂಡು, ನೆಲ ನೋಡಿಕೊಂಡು ಕೂತಿದ್ದಳು. ಬಿಸಿಲಿತ್ತು, ಅವಳು ಸ್ವೆಟರು ಹಾಕಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಡಾಕ್ಟರಮ್ಮನದು ತಪ್ಪಲ್ಲ. ತೋರಿಸಿದವಳನ್ನು ತಾನೆ ನೋಡುವುದು.

ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ತಿಂದೆವು. ಚೈತ್ರ ನೀರು ಕುಡಿದಳು. ‘ಶನಿವಾರ ಅಲ್ವಾ ಅಜ್ಜಿ, ನಂಗೆ ಒಪ್ಪತ್ತು’ ಎಂದಳು. ಒಪ್ಪತ್ತು ಎಂದರೆ ಒಂದು ಹೊತ್ತಿನ ಊಟ, ದೇವರ ಹೆಸರಿನಲ್ಲಿ. ನಮ್ಮ ಮನೆಯಲ್ಲಿ ನಾನು ಮಾಡುತ್ತೇನೆ, ಮಂಜುಳ ಮಾಡುತ್ತಾಳೆ. ಹುಡುಗಿಯೂ ಹಿಡಿದಿದ್ದಾಳೆ ಎಂದರೆ ಸಂತೋಷವೇ. ಮೊದಲು ಶನಿವಾರ ಇತ್ತು. ಆಮೇಲೆ ಗುರುವಾರ ಸೇರಿತು, ಸೋಮವಾರ ಸೇರಿತು. ದೇವರ ಹೆಸರು ಹೇಳಿದರೆ ಯಾವ ಮನೆಯಲ್ಲಿ ತಿನ್ನು ಎಂದು ಬಲವಂತ ಮಾಡುತ್ತಾರೆ?

ಡಾಕ್ಟರಮ್ಮನ ಮಾತು ಮಂಜುಳಗೆ ಸಮಾಧಾನವಾಗಲಿಲ್ಲ. ಟಾನಿಕ್ಕು ತಂದಳು. ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ಸಿಂಧುವಿನ ತೋಳಿಗೆ ತಾಯತ ಕಟ್ಟಿಸಿಕೊಂಡು ಬಂದಳು. ಸಿಂಧು ಅಲ್ಲಿಂದ ಬರುವಾಗ ಸಕ್ಕರೆ ಪ್ರಸಾದವನ್ನೆಲ್ಲ ತಾನೊಬ್ಬಳೇ ಮುಗಿಸಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಚೈತ್ರಳ ಕೆನ್ನೆ ಇಳಿದಿತ್ತು, ಸೊಂಟ ಕಂಡಿತ್ತು. ಊರಿಗೆ ಊರೇ ಮೆಚ್ಚಿತು. ತೆಲುಗು ಬೆರೆಸಿ ಮಾತಾಡುವ ಪಕ್ಕದ ಮನೆಯ ಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಇಪ್ಪುಡು ಬಾಗುಂದಿ ಪಿಲ್ಲ, ಹುಡ್ಗಿ ಈಗ ಚೆನ್ನಾಗವ್ಳೆ. ಈಗ ಗಂಡು ಬಂದ್ರೆ ಒಂದೇ ಸಲಕ್ಕೆ ಒಪ್ಕೊಂಡೋಗ್ತಾರೆ ನೋಡು’ ಎಂದಳು. ಚೈತ್ರ ಅವಳಿಗೆ ಕಾಫಿ ತಂದುಕೊಟ್ಟಳು.

ಅವಳು ಅಡುಗೆಮನೆಗೆ ಇಳಿದದ್ದೂ ಆಗಲೇ. ಅದಕ್ಕೆ ಮುಂಚೆ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಫೋನಿನಲ್ಲಿ ಅಡುಗೆಯದೇ ನೋಡುತ್ತಿದ್ದಳು, ಬಾಯಲ್ಲಿ ಅಡುಗೆಯದೇ ಮಾತು. ಅವರೆ ಬಂದ ಮೇಲಂತೂ ಕೇಳಬೇಡಿ. ಕಾಳು ನೆನೆಹಾಕಿ, ಒಂದೊಂದನ್ನೇ ಎರಡು ಬೆರಳಲ್ಲಿ ಇದುಕಿ ಸಿಪ್ಪೆಯಿಂದ ಬೇಳೆ ಹಾರಿಸುವುದು ಬೇಜಾರಿನ ಕೆಲಸ. ನಾಲ್ಕು ಜನ ಕೂತು ಮಾತಾಡಿಕೊಂಡು ಮಾಡುತ್ತೇವೆ. ಅವಳು ಒಬ್ಬಳೇ ಮಾಡುತ್ತಿದ್ದಳು. ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿ. ನಾವೆಲ್ಲ ಸಾಲಾಗಿ ಕೂತರೆ ಬಡಿಸುವವಳೂ ಅವಳೇ.

‘ಇನ್ನೊಂದು ಸೌಟು ಹಾಕ್ತೀನಿ ಅಜ್ಜಿ.’

‘ಸಾಕು ಕಣಮ್ಮ.’

‘ಸ್ವಲ್ಪ. ತುಪ್ಪ ಹಾಕ್ಲಾ? ಅಪ್ಪಾ, ನಿಂಗೆ?’

ನಮ್ಮ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೇ ನೋಡುತ್ತಾ ನಿಂತಿರುತ್ತಿದ್ದಳು. ನಾನು ಅದನ್ನು ಪ್ರೀತಿ ಅಂದುಕೊಂಡೆ. ಹಸಿವು ಅದು. ಎರಡೂ ಇತ್ತೋ ಏನೋ.

ಬಡಿಸುವವಳು ಕೊನೆಗೆ ಉಣ್ಣಬೇಕು. ಇದು ನಮ್ಮ ಮನೆಯ ಪದ್ಧತಿ ಮಾತ್ರವಲ್ಲ, ನಮ್ಮ ಕಡೆ ಎಲ್ಲರ ಮನೆಯದು. ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬಳೇ ಕೂತು ಉಳಿದದ್ದನ್ನು ಹಾಕಿಕೊಳ್ಳುವುದು. ನಾನು ಹಾಗೇ ಉಂಡವಳು. ಕೊನೆಗೆ ಉಣ್ಣುವ ಹೆಂಗಸಿನ ತಟ್ಟೆಯನ್ನು ಯಾರೂ ನೋಡುವುದಿಲ್ಲ. ಏನು ಮಿಕ್ಕಿತ್ತು, ಸಾಕಾಯಿತಾ ಎಂದು ಕೇಳುವುದಿಲ್ಲ. ಉಪವಾಸ ಬೀಳಬೇಕು ಎಂದಿರುವ ಹುಡುಗಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅವಳು ಹುಡುಕಿಕೊಂಡದ್ದಲ್ಲ, ನಾವೇ ಮಾಡಿ ಇಟ್ಟಿದ್ದೆವು.

ನೆಂಟರು, ‘ಗಂಡನ ಮನೆ ಬೆಳಗ್ತಾಳೆ’ ಎಂದರು. ಆ ಚಳಿಗಾಲ ನಮ್ಮ ಎಮ್ಮೆ ಮಾತ್ರ ಮೈ ತುಂಬಿಕೊಂಡಿತು. ಅದಕ್ಕೆ ಇಡುವ ಕಲಗಚ್ಚಿನ ಬಾನಿಗೆ ಏನು ಬೀಳುತ್ತಿದೆ ಎಂದು ನಾನು ಕೈಹಾಕಿ ನೋಡಿದ್ದು ಬಹಳ ತಡವಾಗಿ.

ಮಂಜುಳಗೆ ಒಳಗೊಳಗೆ ಏನೋ ಅನ್ನಿಸಿತ್ತು. ಒಂದು ದಿನ ತಲೆ ಬಾಚುವಾಗ ಚೈತ್ರಳ ಕೂದಲು ಹಿಡಿಹಿಡಿಯಾಗಿ ಬಂತು. ಅದನ್ನು ಸುತ್ತಿ ಹಿಡಿದುಕೊಂಡು ಹುಳದ ಮನೆಗೆ ಬಂದಳು.

‘ಅತ್ತೆ, ಇವಳು ಸರಿಯಾಗಿ ತಿಂತಾ ಇಲ್ವೇನೋ.’

ನಾನು ಹುಳದ ಲೆಕ್ಕದಲ್ಲಿ ಉತ್ತರ ಕೊಟ್ಟೆ. ನಮ್ಮ ಕಸುಬಿನಲ್ಲಿ ಹುಳ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಅದು ಕಾಯಿಲೆಯಲ್ಲ. ಚರ್ಮ ಕಳಚುವ ಮುಂಚೆ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಅದರ ಮೇಲೆ ಸೊಪ್ಪು ಸುರಿಯಬಾರದು, ಸುಮ್ಮನೆ ಬಿಡಬೇಕು. ಎದ್ದ ಮೇಲೆ ಮೊದಲಿಗಿಂತ ಹೆಚ್ಚು ತಿನ್ನುತ್ತದೆ.

‘ವಯಸ್ಸಿನ ಹುಡುಗಿ ಕಣೇ. ಜ್ವರಕ್ಕೆ ಕೂತವ್ಳೆ. ಏಳ್ತಾಳೆ, ತಿಂತಾಳೆ, ಬಿಡು’ ಎಂದೆ.

ಮಂಜುಳ ಬಿಟ್ಟಳು. ನನ್ನ ಮಾತು ಅವಳಿಗೆ ಬೇಕಾಗಿತ್ತು. ಜ್ವರಕ್ಕೆ ಕೂತ ಹುಳ ಕೂತಿರುತ್ತದೆ. ರೋಗ ಬಂದ ಹುಳ ತಟ್ಟೆಯ ಅಂಚು ಹಿಡಿದು ಸುತ್ತುತ್ತಲೇ ಇರುತ್ತದೆ. ಚೈತ್ರ ಎಲ್ಲಿ ಕೂತಳು? ಬಸ್ಸು ಬಿಟ್ಟು ಮುಂದಿನ ಸ್ಟಾಪಿಗೆ ನಡೆಯುತ್ತಿದ್ದಳು. ಪುಸ್ತಕ ಹಿಡಿದರೂ ಅಂಗಳದಲ್ಲಿ ಓಡಾಡಿಕೊಂಡೇ ಓದುತ್ತಿದ್ದಳು. ನಾನು ಹುಳಕ್ಕೆ ಇಟ್ಟ ಕಣ್ಣು ಹುಡುಗಿಗೆ ಇಡಲಿಲ್ಲ ಎಂದರೆ ಅದೂ ಸುಳ್ಳು. ಇಟ್ಟಿದ್ದೆ. ಒಳ್ಳೆಯ ಹುಡುಗಿ ಎಂದು ಕಂಡಿತು.

ಧನುರ್ಮಾಸದಲ್ಲಿ ಹುಳ ಕೆಟ್ಟಿತು. ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹಾಲುರೋಗ ಬಿತ್ತು. ಹುಳ ಬಾತುಕೊಂಡು, ಮುಟ್ಟಿದರೆ ಒಡೆದು ಹಾಲಿನಂತೆ ಸೋರುತ್ತದೆ. ತಟ್ಟೆಗಟ್ಟಲೆ ಹೂಳಿದೆವು. ನನಗೆ ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲಾದರೂ ಹಾಕಬೇಕಿತ್ತು. ನಮ್ಮಲ್ಲಿ ಮುಟ್ಟಾದ ಹೆಂಗಸರು ಹುಳದ ಮನೆಗೆ ಕಾಲಿಡುವುದಿಲ್ಲ. ನಡೆದುಕೊಂಡು ಬಂದದ್ದು ಅದು, ಸರಿಯೋ ತಪ್ಪೋ ಓದಿದವರು ಹೇಳಿಕೊಳ್ಳಲಿ. ಯಾರಾದರೂ ಮೈಲಿಗೆ ಮಾಡಿದರಾ ಎಂದು ಯೋಚಿಸಿದೆ. ಮಂಜುಳ ದೂರ ಕೂತಿದ್ದಳು. ಸಿಂಧು ತಿಂಗಳು ತಿಂಗಳು ಬಾಗಿಲಲ್ಲೇ ನಿಂತು, ಈ ಮೂರು ದಿನ ನನಗೆ ರಜಾ ಎಂದು ಕುಣಿಯುತ್ತಾಳೆ. ಚೈತ್ರ? ಗೌರಿ ಹಬ್ಬದಿಂದ ಈಚೆಗೆ ಚೈತ್ರ ಒಂದು ದಿನವೂ ಹೊರಗೆ ನಿಂತದ್ದು ನನಗೆ ನೆನಪಿಗೆ ಬರಲಿಲ್ಲ. ಬೆಳಗ್ಗೆ, ಸಂಜೆ ಸೊಪ್ಪಿನ ಬುಟ್ಟಿ ಹಿಡಿದು ಒಳಗೇ ಇದ್ದಳು.

ಅವಳನ್ನು ತೊಳೆಯುವ ಕಲ್ಲಿನ ಹತ್ತಿರ ಹಿಡಿದೆ.

‘ಮುಟ್ಟಾಗಿ ಹುಳದ ಮನೆಗೆ ನುಗ್ಗಿದ್ಯೇನೇ?’

‘ಇಲ್ಲ ಅಜ್ಜಿ.’

‘ಸುಳ್ಳು ಹೇಳ್ಬೇಡ. ಅಷ್ಟು ಹುಳ ಮಣ್ಣಿಗೆ ಹಾಕಿದೀವಿ.’

‘ಇಲ್ಲಜ್ಜಿ. ನಾನು ಆಗೇ ಇಲ್ಲ.’

‘ಆಗೇ ಇಲ್ಲ ಅಂದ್ರೆ?’

‘ಗೌರಿ ಹಬ್ಬದಿಂದ ಆಗಿಲ್ಲ.’

ಸಿಟ್ಟು ಇಳಿದುಹೋಯಿತು. ಮದುವೆಯಾಗದ ಹುಡುಗಿ ಹೀಗೆ ಹೇಳಿದರೆ ಅಜ್ಜಿಯಾದವಳಿಗೆ ಬರುವುದು ಒಂದೇ ಯೋಚನೆ. ನನಗೂ ಅದೇ ಬಂತು. ಮಗನಿಗೆ ಹೇಳಲಿಲ್ಲ, ಸೊಸೆಗೆ ಹೇಳಲಿಲ್ಲ. ಮಾರನೆಯ ದಿನ ಸೊಪ್ಪು ನೋಡಿಕೊಂಡು ಬರುತ್ತೇವೆಂದು ಹೇಳಿ ಅವಳನ್ನು ಪಕ್ಕದೂರಿನ ನರ್ಸಮ್ಮನ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ, ‘ಯಾರು ಹೇಳು, ಮದುವೆ ಮಾಡಿಸ್ತೀನಿ’ ಎಂದೆ. ಅವಳು ಅಳಲೂ ಇಲ್ಲ. ‘ಯಾರೂ ಇಲ್ಲ ಅಜ್ಜಿ’ ಎಂದು ನನಗಿಂತ ಮುಂದೆ ಬಿರಬಿರನೆ ನಡೆದಳು.

ನರ್ಸಮ್ಮ ಪರೀಕ್ಷೆ ಮಾಡಿ, ‘ಬಸುರಿ ಅಲ್ಲ ಅಜ್ಜಿ’ ಎಂದಳು. ನಾನು ನಕ್ಕುಬಿಟ್ಟೆ. ಅದಕ್ಕಿಂತ ದೊಡ್ಡದು ಇನ್ನೇನಿರುತ್ತದೆ ಎಂದು ಎದ್ದು ಸೆರಗು ಸರಿಮಾಡಿಕೊಂಡೆ.

‘ಕೂತ್ಕೊಳ್ಳಿ’ ಎಂದಳು ನರ್ಸಮ್ಮ.

ಚೈತ್ರಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಸ್ವೆಟರಿನ ತೋಳು ಮೇಲಕ್ಕೆ ಸರಿಸಿದಳು. ನಾನು ಆ ಕೈಯನ್ನು ಅಷ್ಟು ದಿನ ಬಟ್ಟೆಯಿಲ್ಲದೆ ನೋಡಿರಲಿಲ್ಲ. ಮುರಿದ ಹಿಪ್ಪುನೇರಳೆ ಕಡ್ಡಿಯ ಹಾಗಿತ್ತು, ಮೇಲೆ ಆಗ ಹುಟ್ಟಿದ ಮಗುವಿಗಿರುವಂಥ ನವಿರು ಕೂದಲು. ನರ್ಸಮ್ಮ ನಾಡಿ ಹಿಡಿದು ಎಣಿಸಿದಳು, ಮತ್ತೆ ಮೊದಲಿಂದ ಎಣಿಸಿದಳು.

‘ಏನು ತಿಂದೆಮ್ಮ ಬೆಳಿಗ್ಗೆ?’

‘ತಿಂದೆ.’

‘ಏನು?’

ಅವಳು ಸ್ವೆಟರಿನ ತೋಳು ಕೆಳಗೆ ಎಳೆದುಕೊಂಡಳು. ನನಗೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲ.

‘ಇವಳ ತಂಗೀನೂ ಸಣ್ಣಗವ್ಳೆ, ನಾನೂ ಸಣ್ಣ’ ಎಂದೆ. ‘ನಮ್ಮ ವಂಶವೇ ಹಂಗೆ.’

‘ಅಜ್ಜಿ, ನೀವು ಯಾವಾಗ್ಲೂ ಹಿಂಗೇ ಇದ್ರಿ. ಇವಳು ಹಿಂಗಿರ್ಲಿಲ್ವಲ್ಲ. ಸಣ್ಣಗಿರೋದು ಬೇರೆ, ಸಣ್ಣಗಾಗ್ತಾ ಇರೋದು ಬೇರೆ. ಇದು ಕಾಯಿಲೆ. ತಿನ್ನಕ್ಕೆ ಹೆದರೋ ಕಾಯಿಲೆ. ನನ್ನ ಕೈಯಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ. ಮನಸ್ಸಿಗೂ ಡಾಕ್ಟ್ರು ಇರ್ತಾರೆ, ತೋರಿಸಿ.’

ತಿನ್ನುವುದಕ್ಕೆ ಹೆದರುವುದು. ಇಲ್ಲ ಎಂದು ಹೆದರಿದ್ದು ಗೊತ್ತು. ನಾನು ಚಿಕ್ಕವಳಿದ್ದಾಗ ಒಲೆಯ ಮೇಲೆ ಏನಿಲ್ಲದ ದಿನಗಳನ್ನು ಕಂಡಿದ್ದೇನೆ. ತುಂಬಿದ ಮಡಕೆಗೆ ಹೆದರುವುದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ನನ್ನ ಕೈಯಲ್ಲೇ ಸರಿಮಾಡುತ್ತೇನೆ ಎಂದುಕೊಂಡೆ. ದೊಡ್ಡಾಸ್ಪತ್ರೆಗೆ ಹೋಗಲಿಲ್ಲ. ಸಂಕ್ರಾಂತಿ ಹಬ್ಬ ಕಳೆಯಲಿ ಎಂದೆವು.

ಅವತ್ತು ಮಧ್ಯಾಹ್ನ ಸೌಟು ಅವಳ ಕೈಯಿಂದ ಕಿತ್ತುಕೊಂಡೆ. ಎಲ್ಲರ ಜೊತೆ ಸಾಲಿನಲ್ಲಿ ಕೂರಿಸಿದೆ. ಮುದ್ದೆ ಇಕ್ಕಿ, ಬೇಳೆ ಸಾರು ಬಿಟ್ಟೆ. ಮಗನಿಗೂ ಸೊಸೆಗೂ ನರ್ಸಮ್ಮ ಅಂದದ್ದನ್ನು ಅಷ್ಟರಲ್ಲಿ ಹೇಳಿದ್ದೆ.

‘ತಿನ್ನು’ ಎಂದೆ.

ಅವಳು ಮುದ್ದೆಯನ್ನು ಚೂರು ಮುರಿದಳು. ಆ ಚೂರನ್ನು ಇನ್ನೂ ಚೂರು ಮಾಡಿದಳು. ಸಾರಿನಲ್ಲಿ ಅದ್ದಿದಳು, ತಟ್ಟೆಯಂಚಿಗೆ ಒರೆಸಿದಳು. ಉಳಿದವರು ಮುದ್ದೆ ಮುಗಿಸಿ ಅನ್ನಕ್ಕೆ ಬಂದರು.

‘ತಿನ್ನೇ ಅಂದ್ರೆ. ಯಾಕಿಷ್ಟು ಹಠ?’ ಎಂದು ನಾರಾಯಣಸ್ವಾಮಿ ಕೂಗಿದ. ‘ನಾನು ಬಿಸಿಲಲ್ಲಿ ಸಾಯೋದು ಇದಕ್ಕೇನಾ?’

‘ಹಠ ಅಲ್ಲಪ್ಪ.’

‘ಮತ್ತೇನು?’

‘ಗೊತ್ತಿಲ್ಲಪ್ಪ. ಆಗ್ತಾ ಇಲ್ಲ.’

ಒಂದು ತುತ್ತು ನಾನೇ ಮಾಡಿ ಬಾಯಿಗೆ ಒತ್ತಿದೆ. ನುಂಗಿದಳು. ಕಣ್ಣಲ್ಲಿ ನೀರು ಬಂತು. ನನಗೆ ಗೆದ್ದೆ ಅನ್ನಿಸಿತು. ಇನ್ನೊಂದು ಒತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತದಲ್ಲಿ ಬಲವೇ ಇರಲಿಲ್ಲ. ‘ಅಜ್ಜಿ, ಬೇಡ ಅಜ್ಜಿ, ಕೈ ಮುಗೀತೀನಿ’ ಎಂದಳು. ಹೊಡೆಯಬೇಡ ಎಂದು ಕೇಳುವ ಹಾಗೆ ಕೇಳಿದಳು. ನನ್ನ ಕೈಯಲ್ಲಿ ಇದ್ದದ್ದು ಒಂದು ತುತ್ತು ಮುದ್ದೆ. ಸಿಂಧು ತನ್ನ ತಟ್ಟೆ ಹಿಡಿದು ಎದ್ದು ಹೊರಗೆ ಹೋದಳು. ಅವಳ ತಟ್ಟೆಯಲ್ಲಿ ಅನ್ನ ಮಿಕ್ಕಿದ್ದನ್ನು ನಾನು ನೋಡಿದ್ದು ಅವತ್ತು ಒಂದು ಸಲ.

ಆಮೇಲಿನ ದಿನಗಳನ್ನು ಉದ್ದಕ್ಕೆ ಹೇಳುವಂಥದ್ದಿಲ್ಲ. ಬೈದೆವು. ಬೇಡಿಕೊಂಡೆವು. ಮಂಜುಳ ತಾನೂ ಊಟ ಬಿಟ್ಟು ಕೂತಳು. ನಾನು ದೃಷ್ಟಿ ತೆಗೆದೆ, ಮೆಣಸಿನಕಾಯಿ ಘಾಟು ಬಂತು, ಅಲ್ಲಿಗೆ ದೃಷ್ಟಿಯೂ ಇಲ್ಲ ಎಂದಾಯಿತು. ಅವಳಿಗೆ ಇಷ್ಟವಿದ್ದದ್ದೆಲ್ಲ ಮಾಡಿಟ್ಟೆವು. ಅವಳು ಮುಟ್ಟಲಿಲ್ಲ, ಮುಟ್ಟಿದರೆ ಕದ್ದು ಎಮ್ಮೆಗೆ ಹಾಕಿದಳು. ಕಾವಲು ಕಾದರೆ ಸುಳ್ಳು ಹೇಳಲು ಕಲಿತಳು. ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ನಾನು ಕಂಡ ಕಷ್ಟಕ್ಕೆಲ್ಲ ನನ್ನ ಹತ್ತಿರ ಇದ್ದ ಔಷಧಿ ಒಂದೇ: ಉಣ್ಣು, ಸರಿಹೋಗುತ್ತೆ. ಗಂಡ ಸತ್ತಾಗ ನೆಂಟರು ನನಗೆ ಅದನ್ನೇ ಹೇಳಿದ್ದರು, ನಾನು ಉಂಡೆ, ಸರಿಹೋಯಿತು. ಆ ಔಷಧಿಯೇ ಕಾಯಿಲೆಯಾದರೆ ಏನು ಕೊಡುವುದು?

ಸಂಕ್ರಾಂತಿಗೆ ಎಳ್ಳುಬೆಲ್ಲ ಅವಳೇ ಮಾಡಿದಳು. ಕೊಬ್ಬರಿ, ಬೆಲ್ಲ ಒಂದೇ ಅಳತೆಗೆ ಕತ್ತರಿಸಿ, ಕಡಲೆಬೀಜದ ಸಿಪ್ಪೆ ಒಂದೂ ಉಳಿಯದ ಹಾಗೆ ತೂರಿ. ಬೇಡ ಎನ್ನಲು ನಮಗೆ ಬಾಯಿ ಬರಲಿಲ್ಲ. ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡು, ಸಿಂಧುವಿನ ಜೊತೆ ತಟ್ಟೆ ಹಿಡಿದು ಮನೆಮನೆಗೆ ಬೀರಲು ಹೋದಳು. ಮುನಿಯಮ್ಮನ ಬಾಗಿಲಲ್ಲಿ, ‘ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ’ ಎನ್ನುತ್ತಲೇ ಕುಸಿದಳು. ಸಿಂಧು ಕೂಗಿಕೊಂಡು ಓಡಿಬಂದಳು. ನಾವು ಹೋಗುವಷ್ಟರಲ್ಲಿ ಮುನಿಯಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಭಾರವೇ ಇಲ್ಲ ಕಣಕ್ಕ, ಈ ಪಿಲ್ಲಕ್ಕೆ ಭಾರವೇ ಇಲ್ಲ’ ಎಂದು ಅದನ್ನೇ ಹೇಳುತ್ತಿದ್ದಳು.

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಎದೆಬಡಿತ ತೀರ ನಿಧಾನವಾಗಿದೆ, ರಕ್ತದಲ್ಲಿ ಇರಬೇಕಾದ್ದು ಇಲ್ಲ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಎದೆಯೇ ನಿಲ್ಲುತ್ತಿತ್ತು ಎಂದರು. ಒಂದೇ ಸಲ ಹೆಚ್ಚು ತಿನ್ನಿಸಿದರೂ ಅಪಾಯ, ನಾವು ಹೇಳಿದಷ್ಟೇ ಕೊಡಬೇಕು ಎಂದರು. ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಮಡಿಲಲ್ಲಿ ಇಟ್ಟುಕೊಂಡು ಕೂತೆ.

ಪಕ್ಕದ ಹಾಸಿಗೆಯಲ್ಲಿ ಶಿಡ್ಲಘಟ್ಟದ ಒಬ್ಬ ಹೆಂಗಸು ಸೊಸೆಯನ್ನು ನೋಡಿಕೊಳ್ಳುತ್ತಿದ್ದಳು. ನನ್ನ ವಯಸ್ಸಿನವಳೇ, ಮನೆಯಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸವಂತೆ. ಸೊಸೆಗೆ ಡೆಂಗ್ಯೂ. ಚೈತ್ರಳನ್ನು ನೋಡಿ ನೋಡಿ ಕೇಳಿದಳು.

‘ನಿಮ್ದು ಹುಡ್ಗಿಗೆ ಏನು ಬೀಮಾರಿ ಅಮ್ಮಾ?’

‘ತಿನ್ನಲ್ಲ.’

‘ತಿನ್ನಕ್ಕೆ ಇಲ್ವಾ?’

‘ಐತೆ.’

‘ಇದ್ರೂ ತಿನ್ನಲ್ಲಾ?’ ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ‘ಅರೆ, ಅದು ಯಾವ ಬೀಮಾರಿ?’

ಡೆಂಗ್ಯೂ ಎಂದರೆ ಎಲ್ಲರಿಗೂ ಗೊತ್ತು. ಅವಳು ಬ್ರೆಡ್ಡಿನ ಪೊಟ್ಟಣ ನನ್ನ ಕಡೆ ಚಾಚಿ, ‘ನೀನಾದ್ರೂ ತಿನ್ನು’ ಎಂದಳು. ನಾನು ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ತಿಂದೆ.

ಮನಸ್ಸಿನ ಡಾಕ್ಟರು ಬಂದರು. ಚಿಕ್ಕ ವಯಸ್ಸಿನವನು, ನನ್ನ ಮಗನಿಗಿಂತ ಚಿಕ್ಕವನು. ಚೈತ್ರಳ ಹತ್ತಿರ ಒಬ್ಬನೇ ಮಾತಾಡಿದ, ಆಮೇಲೆ ನಮ್ಮನ್ನು ಕರೆದ. ನಾರಾಯಣಸ್ವಾಮಿ, ‘ಯಾವತ್ತು ಸರಿಹೋಗ್ತಾಳೆ ಸಾರ್?’ ಎಂದು ಕೇಳಿದ. ಮೊದಲು ಬದುಕಿಸಿಕೊಳ್ಳೋಣ, ಇದು ವರ್ಷಗಳ ಕೆಲಸ ಎಂದ ಡಾಕ್ಟರು. ಮಗ ಕಾರಿಡಾರಿಗೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತ. ಮಂಜುಳ ಸಿಂಧುವಿಗೆ ತಂದಿದ್ದ ಟಾನಿಕ್ಕಿನ ಹೆಸರು ಹೇಳಿ, ಇವಳಿಗೆ ಅದನ್ನು ಕೊಡಬಹುದೇ ಎಂದು ಕೇಳಿದಳು.

ವರ್ಷಗಳ ಕೆಲಸ ಎಂದದ್ದು ನಿಜ. ಈಗ ಚೈತ್ರ ಇದ್ದಾಳೆ. ಒಂದು ವರ್ಷ ಬಿಟ್ಟ ಕಾಲೇಜಿಗೆ ಮತ್ತೆ ಹೋಗುತ್ತಾಳೆ. ಡಾಕ್ಟರ ಹತ್ತಿರ ಹೋಗಿಬರುತ್ತಾಳೆ. ಕೆಲವು ತಿಂಗಳು ಉಣ್ಣುತ್ತಾಳೆ, ಕೆಲವು ತಿಂಗಳು ತಟ್ಟೆಯ ಮುಂದೆ ಮತ್ತೆ ಹಳೆಯ ಚೈತ್ರಳೇ. ವಾಸಿಯಾಯಿತಾ ಎಂದು ನೆಂಟರು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ದಪ್ಪಗಾದಳು ಎಂದಾಗಲಿ ಸಣ್ಣಗಾದಳು ಎಂದಾಗಲಿ ನಮ್ಮ ಹೊಸ್ತಿಲೊಳಗೆ ಅಂದವರಿಗೆ ಕಾಫಿ ಕೊಡುವುದಿಲ್ಲ. ಕಾಯಿಲೆ ಮುಗಿಯಿತು ಅನ್ನಿಸಿದ ದಿನ ನನಗೆ ಇನ್ನೂ ಬಂದಿಲ್ಲ, ನನ್ನ ಆಯಸ್ಸಿನಲ್ಲಿ ಬರುತ್ತದೋ ಇಲ್ಲವೋ.

ಆ ಸಲ ಆಸ್ಪತ್ರೆಯಿಂದ ಬಿಡುವಾಗ ಮನಸ್ಸಿನ ಡಾಕ್ಟರು ನನ್ನನ್ನು ಬೇರೆಯಾಗಿ ಕೂರಿಸಿಕೊಂಡ.

‘ಅಜ್ಜಿ, ಅಡುಗೆ, ಬಡಿಸೋದು ಅವಳಿಗೆ ಬೇಡ. ಯಾರಾದ್ರೂ ಒಬ್ಬರು ಜೊತೇಲಿ ಕೂತು ತಿನ್ನಬೇಕು, ಪ್ರತಿ ಸಲ.’

‘ನಾನು ತಿನ್ನಿಸ್ತೀನಿ ಬಿಡಪ್ಪ.’

‘ತಿನ್ನಿಸೋದಲ್ಲ. ನೀವು ತಿನ್ನಿ. ಬೈಬೇಡಿ, ಗೋಗರ್ಯಬೇಡಿ. ತಿಂದ್ರೆ ಹೊಗಳ್ಲೂಬೇಡಿ. ತಟ್ಟೆ ನೋಡ್ತಾ ಕೂರಬೇಡಿ.’

‘ಮತ್ತೆ ಏನು ಮಾಡ್ಲಿ?’

‘ಅಷ್ಟೇ. ಜೊತೇಲಿ ಕೂತಿರಿ.’

ಕೂತಿರುವುದು ಒಂದು ಕೆಲಸವೇ ಎಂದು ನನಗೆ ಬೇಸರವಾಯಿತು. ಹೊರೆ ಎತ್ತು ಅಂದಿದ್ದರೆ ಎತ್ತುತ್ತಿದ್ದೆ. ಮೊಣಕಾಲಲ್ಲಿ ಬೆಟ್ಟ ಹತ್ತು ಅಂದಿದ್ದರೆ ಹತ್ತುತ್ತಿದ್ದೆ. ಸಂಜೆ ಬಸ್ಸಿನಲ್ಲಿ ಮನೆಗೆ ಬಂದೆವು. ಚೈತ್ರ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು.

ಮಾರನೆಯ ಬೆಳಗ್ಗೆ ಹಲ್ಲುಜ್ಜಿ, ಮುಖ ತೊಳೆದು, ನಡುಮನೆಯಲ್ಲಿ ಎರಡು ಮಣೆ ಹಾಕಿದೆ. ಚೈತ್ರಳನ್ನು ಕರೆದು ಒಂದರ ಮೇಲೆ ಕೂರಿಸಿ, ಪಕ್ಕದಲ್ಲಿ ನಾನು ಕೂತೆ. ‘ಮಂಜುಳಾ, ಬಡ್ಸು’ ಎಂದೆ. ಸೊಸೆ ನನ್ನ ಮುಖ ನೋಡಿದಳು. ಹೊಸದಾಗಿ ತಂದ ಹುಳಕ್ಕೆ ಇನ್ನೂ ಸೊಪ್ಪು ಹಾಕಿರಲಿಲ್ಲ. ಮಗನ ತಿಂಡಿ ಆಗಿರಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಗಂಡಸರಿಗಿಂತ ಮುಂಚೆ ತಟ್ಟೆಯ ಮುಂದೆ ಕೂತವಳೇ ಅಲ್ಲ. ಅವಳು ಇಬ್ಬರಿಗೂ ಇಡ್ಲಿ ಹಾಕಿದಳು, ಡಾಕ್ಟರು ಹೇಳಿದಷ್ಟು ಚೈತ್ರಳಿಗೆ, ಉಳಿದದ್ದು ನನಗೆ. ನಾನು ತಿಂದೆ. ಎದುರಿನ ಗೋಡೆಯಲ್ಲಿ ಸುಣ್ಣ ಉದುರಿದ ಜಾಗವನ್ನು ನೋಡಿಕೊಂಡು ತಿಂದೆ. ಪಕ್ಕದಲ್ಲಿ ಬೆರಳು ತಟ್ಟೆಗೆ ತಾಗುವ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಬಹಳ ಹೊತ್ತು ಬರುತ್ತಿರಲಿಲ್ಲ. ನನ್ನದು ಮುಗಿಯಿತು. ನಾರಾಯಣಸ್ವಾಮಿ ಸೊಪ್ಪಿನ ಹೊರೆ ಇಳಿಸಿ ಬಾಗಿಲಿಗೆ ಬಂದು, ನಮ್ಮನ್ನು ನೋಡಿ, ಜಗಲಿಯ ಮೇಲೆ ಕೂತ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಜೊತೆಗೆ ಕೂತವರು ಏಳುವವರೆಗೆ ಏಳಬಾರದು. ಎಂಜಲು ಕೈ ಬೆರಳಿಗೆ ಬೆರಳು ಅಂಟಿ ಒಣಗಿಹೋಯಿತು. ನಾನು ಏಳಲಿಲ್ಲ.